ಬೆಂಕಿ, ನೀರು, ಎಣ್ಣೆಗಳ ನಡುವಣ ಹಾಳೆ

ಪುಣೆಯಿಂದ ಸೋಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬಸವಕಲ್ಯಾಣದ ಕಡೆಯಿಂದ ಬೀದರ ಜಿಲ್ಲೆಯನ್ನು ಹೊಕ್ಕು, ಹುಮನಾಬಾದನ್ನು ಹಾದು, ಜಹೀರಾಬಾದಿನತ್ತ ಸಾಗುವ ದಾರಿಯಲ್ಲಿ ಮನ್ನಾಏಖೇಳ್ಳಿ ಎಂಬ ಊರು ಸಿಗುತ್ತದೆ. ಬೀದರಿಗೆ ಹೋಗುವ ರಸ್ತೆಯೂ ಇಲ್ಲಿ ಕೂಡುವುದರಿಂದ ಹಗಲಿರುಳೂ ಗಾಡಿಗಳ ಓಡಾಟ. ದೊಡ್ಡ ಲಾರಿಗಳ ನಡುವೆ ತೊಗರಿಯ ಚೀಲ, ಹಸಿ ಶುಂಠಿ, ತರಕಾರಿಯ ಬುಟ್ಟಿಗಳನ್ನು ಹೇರಿಕೊಂಡ ಸಣ್ಣ ಪಿಕಪ್ಪು ಗಾಡಿಗಳೂ ಓಡುತ್ತಿರುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಮಾಲೀಕನೂ ಚಾಲಕನೂ ಒಬ್ಬನೇ. ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಇಂಥದೊಂದು ಗಾಡಿಯು ರಸ್ತೆಯ ಬದಿಯ ಗ್ಯಾರೇಜಿನ ಮುಂದೆ ಆವಿಯುಗುಳುತ್ತ ನಿಂತುದನ್ನು ನಾವು ಕಂಡೆವು. ಚಾಲಕನು ಇನ್ನೂ ಎಳೆಯ ಹುಡುಗ. ಹುಮನಾಬಾದ ದಾಟಿದ ಮೇಲೆ ಉಷ್ಣತೆ ತೋರಿಸುವ ಮುಳ್ಳು ಮೇಲೇರಿತ್ತಂತೆ. ನೀರು ಹಾಕಿಕೊಂಡು ಹೊರಟ. ಮತ್ತೆ ಏರಿತು, ಸ್ವಲ್ಪ ದೂರದಲ್ಲಿ ತಾನಾಗಿಯೇ ಇಳಿಯಿತು. ಸದ್ಯ, ಗಂಡಾಂತರ ತಪ್ಪಿತೆಂದುಕೊಂಡು ಮುಂದೆ ಬಂದ.

“ಉಸ್ತಾದ್, ನೀರ್ ಎಲ್ಲಿ ಹೊಂಟದ ಅಂತ ತಿಳಿವಲ್ದು ನೋಡ್ರಿ. ಕೆಳಗ ಒಂದ್ ಹನಿ ಬಿದ್ದಿಲ್ಲ” ಎಂದ.

ಮಿಸ್ತ್ರಿಯು ಎಣ್ಣೆಯ ಅಳತೆಕಡ್ಡಿಯನ್ನು ಹೊರಗೆಳೆದು ನೋಡಿದ. ಕಪ್ಪಗಿರಬೇಕಾದ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. “ಕಾಟಾ ಮ್ಯಾಲ್ ಹೋದಾಗೇ ಗಾಡಿ ನಿಂದ್ರಸಬೇಕಿತ್ತು ತಮ್ಮಾ. ಈಗ ಹೆಡ್ಡೇ ಬಿಚ್ಚಬೇಕಾಗ್ತದ” ಎಂದ.

ನೀರು ಕೆಳಗೆ ಬೀಳದೆ ಎಲ್ಲಿಗೆ ಹೋಯಿತು? ಎಣ್ಣೆಗೆ ಆ ಬಣ್ಣ ಎಲ್ಲಿಂದ ಬಂದಿತು? ಏರಿದ ಮುಳ್ಳು ತಾನಾಗಿಯೇ ಏಕೆ ಇಳಿಯಿತು? ಈ ಮೂರು ಪ್ರಶ್ನೆಗಳಿಗೂ ಉತ್ತರವಿರುವುದು ಎಂಜಿನಿನ ಒಳಗೆ ಅಡಗಿರುವ, ಒಂದು ಮಿಲಿಮೀಟರಿನಷ್ಟೋ ತುಸು ಹೆಚ್ಚೋ ದಪ್ಪದ ಒಂದು ಹಾಳೆಯಲ್ಲಿ. ಅದಕ್ಕೆ ಹೆಡ್ ಗ್ಯಾಸ್ಕೆಟ್ಟು ಎಂದು ಹೆಸರು.

ಗ್ಯಾಸ್ಕೆಟ್ಟೆಂಬ ಮಾತು ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ಕುಕ್ಕರಿನ ಮುಚ್ಚಳದೊಳಗಿನ ರಬ್ಬರಿನ ಬಳೆ ಸವೆದರೆ ಆವಿ ಪಕ್ಕದಿಂದ ಸೋರಿ ಬೇಳೆ ಬೇಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಎರಡು ಗಟ್ಟಿ ವಸ್ತುಗಳನ್ನು ಎಷ್ಟೇ ಚೆನ್ನಾಗಿ ಉಜ್ಜಿ ನುಣುಪುಗೊಳಿಸಿ ಒಂದರ ಮೇಲೊಂದು ಕೂರಿಸಿದರೂ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿದೇ ಉಳಿಯುತ್ತವೆ. ಆ ಸಂದುಗಳನ್ನು ತುಂಬಲು ಒತ್ತಿದರೆ ತಗ್ಗುವ, ಬಿಟ್ಟರೆ ಮೇಲೇಳುವ ಪದಾರ್ಥವೊಂದು ಬೇಕು. ಕುಕ್ಕರಿನ ಬಳೆಗೆ ಒಳಗಿನ ಆವಿಯೊಂದನ್ನೇ ತಡೆದರಾಯಿತು. ಎಂಜಿನಿನ ಗ್ಯಾಸ್ಕೆಟ್ಟಿನದು ಅಷ್ಟು ಸುಲಭದ ಬಾಳಲ್ಲ.

ಎಂಜಿನಿನ ಕೆಳಭಾಗಕ್ಕೆ ಬ್ಲಾಕು ಎನ್ನುತ್ತಾರೆ. ಇದರಲ್ಲಿ ಕೊರೆದ ದುಂಡು ಬಾವಿಗಳೇ ಸಿಲಿಂಡರುಗಳು. ಅವುಗಳಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತವೆ. ಬಾವಿಗಳ ಬಾಯಿ ಮುಚ್ಚುವ ಭಾರವಾದ ಮುಚ್ಚಳವೇ ಹೆಡ್ಡು. ಗಾಳಿ ಒಳಬರುವ, ಹೊಗೆ ಹೊರಹೋಗುವ ಕವಾಟಗಳೂ ಡೀಸೆಲನ್ನು ಚಿಮ್ಮಿಸುವ ಇಂಜೆಕ್ಟರುಗಳೂ ಇದರಲ್ಲಿವೆ. ಈ ಎರಡನ್ನೂ ಒಂದೇ ಎರಕದಲ್ಲಿ ಮಾಡಿದ್ದರೆ ಗ್ಯಾಸ್ಕೆಟ್ಟಿನ ತಂಟೆಯೇ ಇರುತ್ತಿರಲಿಲ್ಲವೆಂದು ವಾಚಕರು ಕೇಳಬಹುದು. ಹಾಗೆ ಮಾಡಿದ ಎಂಜಿನುಗಳೂ ಹಿಂದೆ ಇದ್ದುವು. ಆದರೆ ಕವಾಟವೊಂದು ಸುಟ್ಟರೆ ಆಳವಾದ ಕೊಡದ ತಳದಲ್ಲಿ ಕೈಯಾಡಿಸಿದಂತೆ ದುರಸ್ತಿ ಮಾಡಬೇಕಾಗುತ್ತಿತ್ತು. ಆದುದರಿಂದ ಬಿಚ್ಚಲು ಬರುವ ಮುಚ್ಚಳವೇ ರೂಢಿಗೆ ಬಂದಿತು.

ಬ್ಲಾಕಿನಿಂದ ಹೆಡ್ಡಿಗೆ ಮೂರು ಬಗೆಯ ದಾರಿಗಳು ಹಾಯುತ್ತವೆ. ಒಂದು, ಬೆಂಕಿಯುರಿಯುವ ಸಿಲಿಂಡರು. ಎರಡು, ಅದನ್ನು ತಂಪಾಗಿಡುವ ನೀರು. ಮೂರು, ಮೇಲಿನ ಭಾಗಗಳನ್ನು ಜಿಡ್ಡಾಗಿಡುವ ಎಣ್ಣೆ. ಇವುಗಳ ನಡುವಣ ಗೋಡೆ ಕೆಲವೆಡೆ ಒಂದು ಬೆರಳಿನ ಅಗಲಕ್ಕಿಂತಲೂ ಕಿರಿದು. ಒಂದು ಬದಿಗೆ ಕ್ಷಣಮಾತ್ರ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಜ್ವಾಲೆ, ಮತ್ತೊಂದು ಬದಿಗೆ ೯೦ ಡಿಗ್ರಿಯ ನೀರು. ನಡುವೆ ಈ ಹಾಳೆ.

ಇದು ತಡೆಯಬೇಕಾದ ಬಲವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನನ್ನು ತೆಗೆದುಕೊಳ್ಳೋಣ; ಸಿಲಿಂಡರಿನ ಅಡ್ಡಗಲ ೮೯ ಮಿಲಿಮೀಟರು. ಬಾಯಿಯ ವಿಸ್ತೀರ್ಣ ಸುಮಾರು ೬೨ ಚದರ ಸೆಂಟಿಮೀಟರು. ಡೀಸೆಲು ಹೊತ್ತಿದಾಗ ಒತ್ತಡವು ಚದರ ಸೆಂಟಿಮೀಟರಿಗೆ ೧೩೦ ಕಿಲೋಗ್ರಾಮಿಗೆ ಏರಿತೆನ್ನೋಣ. ಇಂದಿನ ಎಂಜಿನುಗಳಲ್ಲಿ ಇದೇನೂ ಅತಿಶಯವಲ್ಲ. ಗುಣಿಸಿದರೆ ಎಂಟು ಟನ್ನು! ಎರಡು ಬೆಳೆದ ಆನೆಗಳು ಒಂದು ಸಣ್ಣ ತಟ್ಟೆಯಷ್ಟಗಲದ ಜಾಗದಿಂದ ಹೆಡ್ಡನ್ನು ಮೇಲಕ್ಕೆ ನೂಕಿದಂತೆ. ನಿಮಿಷಕ್ಕೆ ೨೪೦೦ ಸುತ್ತು ತಿರುಗುತ್ತಿರುವ ಎಂಜಿನಿನಲ್ಲಿ ಈ ಹೊಡೆತ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ಇಪ್ಪತ್ತು ಸಲ ಬೀಳುತ್ತದೆ.

ಹೆಡ್ಡನ್ನು ಕೆಳಗೆ ಹಿಡಿದಿರುವುದು ಬೋಲ್ಟುಗಳು. ಬೋಲ್ಟನ್ನು ಬಿಗಿಯುವುದೆಂದರೆ ತಿರುಗಿಸುವುದಷ್ಟೇ ಅಲ್ಲ. ಅದನ್ನು ಎಳೆದು ಕೂದಲೆಳೆಗಳಷ್ಟು ಉದ್ದಮಾಡುವುದು. ಹೀಗೆ ಎಳೆದ ಉಕ್ಕು ಸ್ಪ್ರಿಂಗಿನಂತೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಹೆಡ್ಡನ್ನು ಗ್ಯಾಸ್ಕೆಟ್ಟಿನ ಮೇಲೆ ಅದುಮುತ್ತದೆ. ಹೊಡೆತದ ಬಲಕ್ಕಿಂತ ಅದುಮುವ ಬಲವು ಯಾವಾಗಲೂ ಸಾಕಷ್ಟು ಹೆಚ್ಚಾಗಿರಬೇಕು.

ಇಷ್ಟರಲ್ಲಿಯೇ ಕಷ್ಟ ಮುಗಿಯಲಿಲ್ಲ. ಈಗಿನ ಅನೇಕ ಎಂಜಿನುಗಳಲ್ಲಿ ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾಯಿಸಿದಾಗ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆಂಬುದನ್ನು ಭೌತವಿಜ್ಞಾನದ ಪಾಠದಲ್ಲಿ ಓದಿರುವಿರಷ್ಟೆ. ಅರ್ಧ ಮೀಟರು ಉದ್ದದ ಹೆಡ್ಡು ೭೦ ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ೦.೮ ಮಿಲಿಮೀಟರು ಹಿಗ್ಗಲು ನೋಡುತ್ತದೆ. ಅದರ ಕೆಳಗಿನ ಕಬ್ಬಿಣವು ೦.೪ ಮಿಲಿಮೀಟರು ಮಾತ್ರ. ಬೆಳಗ್ಗೆ ಎಂಜಿನು ಬಿಸಿಯಾಗುವಾಗ, ರಾತ್ರಿ ಆರುವಾಗ, ಎರಡರ ನಡುವೆ ಸಿಕ್ಕ ಹಾಳೆಯು ಹೀಗೆ ದಿನದಿನವೂ ತಿಕ್ಕಿಸಿಕೊಳ್ಳಬೇಕು.

ಈ ಕೆಲಸಕ್ಕೆ ಹಿಂದೆ ತಾಮ್ರದ ತಗಡುಗಳ ನಡುವೆ ಕಲ್ನಾರನ್ನು ಇಟ್ಟ ಗ್ಯಾಸ್ಕೆಟ್ಟುಗಳನ್ನು ಬಳಸುತ್ತಿದ್ದರು. ಕಲ್ನಾರಿನ ಪುಡಿಯನ್ನು ಉಸಿರಾಡುವುದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ತಿಳಿದ ಮೇಲೆ ಅದರ ಸ್ಥಾನಕ್ಕೆ ಗ್ರಾಫೈಟು ಬಂದಿತು. ಹಳೆಯ ಎಂಜಿನಿನಿಂದ ಅಂಥ ಗ್ಯಾಸ್ಕೆಟ್ಟನ್ನು ಒಣದಾಗಿ ಕೆರೆದು ಧೂಳೆಬ್ಬಿಸುವುದು ಈಗಲೂ ಅಪಾಯವೇ. ಇತ್ತೀಚಿನ ಎಂಜಿನುಗಳಲ್ಲಿರುವುದು ಮೂರು ನಾಲ್ಕು ತೆಳು ಉಕ್ಕಿನ ಹಾಳೆಗಳ ಜೋಡಣೆ. ಸಿಲಿಂಡರಿನ ಬಾಯಿಯ ಸುತ್ತ ಹಾಳೆಯಲ್ಲಿ ಉಬ್ಬಿದ ಏಣೊಂದನ್ನು ಒತ್ತಿರುತ್ತಾರೆ. ಅದು ಸ್ಪ್ರಿಂಗಿನಂತೆ ವರ್ತಿಸಿ, ಹೆಡ್ಡು ಕೂದಲೆಳೆಯಷ್ಟು ಮೇಲೆದ್ದರೂ ತಾನೂ ಎದ್ದು ಸಂದನ್ನು ಮುಚ್ಚುತ್ತದೆ. ಇಂಥ ಹಾಳೆಯು ಎಂಜಿನಿನ ಆಯುಷ್ಯದುದ್ದಕ್ಕೂ ಬಾಳಬಲ್ಲದು.

ಹಾಗಾದರೆ ಅದು ಏಕೆ ಹೋಗುತ್ತದೆ? ನೂರಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಗ್ಯಾಸ್ಕೆಟ್ಟು ತಾನಾಗಿ ಸಾಯುವುದಿಲ್ಲ; ಅದನ್ನು ಬೇಯಿಸಿ ಕೊಲ್ಲುತ್ತಾರೆ ಎಂದರೆ ಉತ್ಪ್ರೇಕ್ಷೆಯಾಗದು.

ಬೀದರ ಜಿಲ್ಲೆಯ ಈ ಪ್ರಸ್ಥಭೂಮಿಯು ಸಮುದ್ರಮಟ್ಟಕ್ಕಿಂತ ಸುಮಾರು ೬೦೦ ಮೀಟರು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ೯೮ ಡಿಗ್ರಿಗೇ ಕುದಿಯುತ್ತದೆ. ಎಂಜಿನಿನ ನೀರೋ ೯೦ರ ಆಸುಪಾಸಿನಲ್ಲಿಯೇ ಇರುವಂಥದು. ಬೇಸಗೆಯಲ್ಲಿ ಭಾರ ಹೊತ್ತು ಏರುವಾಗ ಎಂಟು ಡಿಗ್ರಿಯ ಅಂತರ ಯಾವ ಮೂಲೆಗೆ? ಆದುದರಿಂದ ರೇಡಿಯೇಟರಿಗೆ ಒತ್ತಡದ ಮುಚ್ಚಳವನ್ನು ಹಾಕಿರುತ್ತಾರೆ. ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮು ಹೆಚ್ಚು ಒತ್ತಡವನ್ನು ಅದು ಹಿಡಿದಿಟ್ಟರೆ ನೀರು ೧೧೮ ಡಿಗ್ರಿಯವರೆಗೂ ಕುದಿಯದು. ಕುಕ್ಕರಿನ ತತ್ತ್ವವೇ. ಮುಚ್ಚಳದ ಸ್ಪ್ರಿಂಗು ಸಡಿಲವಾಗಿ, ರಬ್ಬರು ಬಿರುಕುಬಿಟ್ಟರೆ ಈ ಇಪ್ಪತ್ತು ಡಿಗ್ರಿಯ ರಕ್ಷಣೆ ಸದ್ದಿಲ್ಲದೆ ಮಾಯವಾಗುತ್ತದೆ. ಇಡೀ ಎಂಜಿನಿನ ಬೆಲೆಗೆ ಹೋಲಿಸಿದರೆ ಈ ಮುಚ್ಚಳದ ಬೆಲೆ ಏನೂ ಅಲ್ಲ. ಆದರೂ ಅದನ್ನು ಬದಲಿಸುವವರು ವಿರಳ.

ಇನ್ನೊಂದು ಶತ್ರು ಬೋರುಬಾವಿಯ ನೀರು. ಕಪ್ಪು ಬಂಡೆಯ ಸೀಳುಗಳಿಂದ ಬರುವ ಇಲ್ಲಿನ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳ ಕಟ್ಟುವುದನ್ನು ಮನೆಯವರೆಲ್ಲ ಕಂಡಿರುತ್ತಾರೆ. ಎಂಜಿನಿನ ಒಳಗೂ ಅದೇ ಹೆಕ್ಕಳ. ಕಬ್ಬಿಣವು ಶಾಖವನ್ನು ಹಾಯಿಸುವುದರಲ್ಲಿ ಈ ಸುಣ್ಣದ ಪದರಕ್ಕಿಂತ ಸುಮಾರು ಇಪ್ಪತ್ತೈದು ಪಟ್ಟು ಸಮರ್ಥ. ಎಂದರೆ ಒಂದು ಮಿಲಿಮೀಟರು ಹೆಕ್ಕಳ ಕಟ್ಟಿದರೆ ಬೆಂಕಿಗೂ ನೀರಿಗೂ ನಡುವೆ ಒಂದು ಅಂಗುಲ ದಪ್ಪದ ಕಬ್ಬಿಣವನ್ನು ಹೊಸದಾಗಿ ಸೇರಿಸಿದಂತೆಯೇ! ಕೂಲಂಟು ಚಳಿದೇಶಗಳವರಿಗೆ ಬೇಕಾದದ್ದು, ನಮ್ಮ ಬಿಸಿಲಿಗೆ ನಲ್ಲಿಯ ನೀರು ಸಾಕು ಎಂಬ ಮಾತು ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಕೇಳಬರುತ್ತದೆ. ಇದು ತಪ್ಪು. ಕೂಲಂಟಿನಲ್ಲಿರುವ ಗ್ಲೈಕಾಲು ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಅದರಲ್ಲಿ ಬೆರೆಸಿದ ಇತರ ರಾಸಾಯನಿಕಗಳು ಅಲ್ಯೂಮಿನಿಯಂ ಸವೆಯದಂತೆ ಕಾಯುತ್ತವೆ. ಖನಿಜಗಳಿಲ್ಲದ ಶುದ್ಧ ನೀರಿನಲ್ಲಿ ಇದನ್ನು ಬೆರೆಸಬೇಕು. ಒಂದು ಎಚ್ಚರಿಕೆ: ಗ್ಲೈಕಾಲು ಸಿಹಿ, ಆದರೆ ವಿಷ. ಹಳೆಯ ಕೂಲಂಟನ್ನು ನಾಯಿಗಳೂ ಮಕ್ಕಳೂ ಸುಳಿಯುವಲ್ಲಿ ಚೆಲ್ಲಬಾರದು.

ರೇಡಿಯೇಟರಿನ ರೆಕ್ಕೆಗಳಲ್ಲಿ ಧೂಳು, ಹೊಟ್ಟು ತುಂಬಿಕೊಳ್ಳುವುದು, ಪಂಪು ಸವೆಯುವುದು, ಫ್ಯಾನಿನ ಪಟ್ಟಿ ಸಡಿಲವಾಗುವುದು, ಇವೆಲ್ಲ ನೋಡಿದರೆ ತಿಳಿಯುವಂಥವು. ಆದರೆ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿಯ ಬಗೆಗೆ ಒಂದು ಮಾತು ಹೇಳಲೇಬೇಕು. ನೀರು ಕಾಯುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಕಾದ ಮೇಲೆ ತೆರೆಯುವ ಕವಾಟವಿದು. ಅದು ಕೆಟ್ಟು ಮುಚ್ಚಿಕೊಂಡರೆ ಎಂಜಿನು ಬೇಯುವುದು ನಿಜ. ಅದಕ್ಕೆ ಪರಿಹಾರ ಹೊಸದನ್ನು ಹಾಕುವುದು. ಕೆಲವು ಎಂಜಿನುಗಳಲ್ಲಿ ಇದೇ ಕವಾಟವು ತೆರೆದಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅಂಥಲ್ಲಿ ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಎಂಜಿನಿಗೆ ಹಿಂದಿರುಗಿ, ತಂಪಾಗಲೆಂದು ಮಾಡಿದ ಉಪಾಯವೇ ಬಿಸಿಗೆ ಕಾರಣವಾಗುತ್ತದೆ.

ನೀರು ಕುದಿದಾಗ ಹೆಡ್ಡಿನ ಒಳಗೋಡೆಗಳ ಮೇಲೆ ಆವಿಯ ಗುಳ್ಳೆಗಳು ಕೂಡಿಕೊಳ್ಳುತ್ತವೆ. ಆವಿಯು ನೀರಿನಂತೆ ಶಾಖವನ್ನು ಹೀರಲಾರದು. ಅಲ್ಲಿನ ಲೋಹ ಥಟ್ಟನೆ ಕಾಯುತ್ತದೆ. ಹಿಗ್ಗಬೇಕೆಂದರೆ ಸುತ್ತಲೂ ಬೋಲ್ಟುಗಳ ಹಿಡಿತ. ಕಾದು ಮೆತ್ತಗಾದ ಅಲ್ಯೂಮಿನಿಯಂ ಒಳಗೊಳಗೇ ಜಜ್ಜಿಕೊಂಡು, ಆರಿದಾಗ ಮೊದಲಿನ ಆಕಾರಕ್ಕೆ ಬಾರದೆ ಬಿಲ್ಲಿನಂತೆ ಸ್ವಲ್ಪ ಬಾಗುತ್ತದೆ. ಹಾಳೆಯ ಮೇಲಿನ ಹಿಡಿತ ಸಡಿಲುವುದು ಆಗಲೇ.

ಈಗ ನಮ್ಮ ಚಾಲಕನ ಮುಳ್ಳಿನ ರಹಸ್ಯಕ್ಕೆ ಬರೋಣ. ಉಷ್ಣತೆಯನ್ನು ಅಳೆಯುವ ಸಾಧನದ ಮೂತಿ ನೀರಿನಲ್ಲಿ ಮುಳುಗಿರಬೇಕು. ನೀರಿನ ಮಟ್ಟ ಅದಕ್ಕಿಂತ ಕೆಳಗಿಳಿದರೆ ಅದು ಅಳೆಯುವುದು ಸುತ್ತಲಿನ ಗಾಳಿ ಅಥವಾ ಆವಿಯನ್ನು, ಮುಳ್ಳು ಇಳಿದುಬಿಡಬಹುದು. ಎಂಜಿನು ತಂಪಾದುದರಿಂದಲ್ಲ, ನೀರೇ ಇಲ್ಲವಾದುದರಿಂದ! ಏರಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಅದು ಏರಿದ್ದಕ್ಕಿಂತ ಹೆಚ್ಚು ಭಯಪಡಬೇಕಾದ ಚಿಹ್ನೆ. ಗಾಡಿಯನ್ನು ಬದಿಗೆ ಸರಿಸಿ ಎಂಜಿನನ್ನು ನಿಲ್ಲಿಸುವುದೊಂದೇ ದಾರಿ.

ನಿಲ್ಲಿಸಿದ ಮೇಲೆ ಆತುರದಿಂದ ರೇಡಿಯೇಟರಿನ ಮುಚ್ಚಳವನ್ನು ತೆರೆದು ಮುಖ ಕೈ ಸುಟ್ಟುಕೊಂಡವರು ಎಷ್ಟೋ ಮಂದಿ. ಒಳಗೆ ಎಂಟು ಲೀಟರು ನೀರು ೧೧೫ ಡಿಗ್ರಿಯಲ್ಲಿ, ಒತ್ತಡದಿಂದ ಮಾತ್ರ ಕುದಿಯದೆ ನಿಂತಿದೆಯೆನ್ನಿ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಹೆಚ್ಚುವರಿ ಶಾಖವೆಲ್ಲ ಒಮ್ಮೆಗೇ ನೀರನ್ನು ಆವಿಯಾಗಿಸುತ್ತದೆ. ಕಾಲು ಲೀಟರು ನೀರು ಆವಿಯಾದರೂ ಸಾಕು, ಅದರ ಗಾತ್ರ ನಾಲ್ಕು ನೂರು ಲೀಟರು, ಎಂದರೆ ಎರಡು ಡೀಸೆಲ್ ಪೀಪಾಯಿಗಳಷ್ಟು. ಅದು ಅಂಗೈಯಗಲದ ಬಾಯಿಯಿಂದ, ಕುದಿನೀರನ್ನೂ ಹೊತ್ತು, ಬಗ್ಗಿ ನೋಡುವವನ ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಬೇಕು. ಮೇಲಿನ ಕೊಳವೆಯನ್ನು ಮುಟ್ಟಿದರೆ ಕೈ ಸುಡದಿರಬೇಕು. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದೆಂಬುದನ್ನೂ ಮರೆಯಬಾರದು.

ಗ್ಯಾಸ್ಕೆಟ್ಟು ಎಲ್ಲಿ ಹರಿಯಿತೆಂಬುದರ ಮೇಲೆ ಲಕ್ಷಣಗಳು ಬದಲಾಗುತ್ತವೆ. ಸಿಲಿಂಡರಿನಿಂದ ನೀರಿನ ದಾರಿಗೆ ತೂತಾದರೆ ಹೊಗೆ ನೀರಿನೊಳಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ. ಎಂಜಿನು ಕಾಯುವ ಮೊದಲೇ ಕೊಳವೆಗಳು ಗಟ್ಟಿಯಾಗುತ್ತವೆ. ನೀರು ಸಿಲಿಂಡರಿಗಿಳಿದು ಬಿಳಿಯ ಆವಿಯಾಗಿ ಹಿಂದಿನಿಂದ ಹೋಗುತ್ತದೆ. ನೀರು ಎಣ್ಣೆಗೆ ಬೆರೆತರೆ ಚಹಾದ ಬಣ್ಣ. ಆದರೆ ಎಣ್ಣೆಯನ್ನು ತಂಪುಮಾಡುವ ಕೂಲರು ಒಳಗೆ ಸೋರಿದರೂ ಅದೇ ಬಣ್ಣ ಬರುವುದರಿಂದ ಅದೊಂದನ್ನೇ ನಂಬಿ ಹೆಡ್ಡು ಬಿಚ್ಚುವುದು ಸರಿಯಲ್ಲ. ಎರಡು ಸಿಲಿಂಡರುಗಳ ನಡುವೆ ಹರಿದರೆ ನೀರು, ಎಣ್ಣೆ ಎರಡೂ ಸರಿಯಾಗಿದ್ದು, ಪಕ್ಕಪಕ್ಕದ ಆ ಎರಡರಲ್ಲಿ ಮಾತ್ರ ಶಕ್ತಿ ಕುಂದುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹಿಡಿಸುವ ಪರೀಕ್ಷೆಯೂ ಒಂದುಂಟು. ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ಬ್ರೋಮೋಥೈಮಾಲ್ ನೀಲಿಯ ದ್ರಾವಣದ ಮೂಲಕ ಹಾಯಿಸುತ್ತಾರೆ. ಉರಿದ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡು ಅದರಲ್ಲಿ ಕರಗಿ ಆಮ್ಲವಾಗಿ ನೀಲಿಯನ್ನು ಹಳದಿಗೆ ತಿರುಗಿಸುತ್ತದೆ.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವ ಚಾಲಕರಿದ್ದಾರೆ. ರೇಡಿಯೇಟರಿನ ಸೂಜಿತೂತಿಗೆ ಅದರಿಂದ ಊರು ಮುಟ್ಟುವಷ್ಟು ಉಪಕಾರವಾದೀತು. ನೂರಮೂವತ್ತು ಕಿಲೋಗ್ರಾಮಿನ ಒತ್ತಡದೆದುರು ಅರಿಶಿನವೂ ನಿಲ್ಲದು, ಅಂಗಡಿಯ ಯಾವ ಪುಡಿಯೂ ನಿಲ್ಲದು. ಅವು ರೇಡಿಯೇಟರಿನ ಸಣ್ಣ ನಳಿಗೆಗಳನ್ನು ಕಟ್ಟಿಹಾಕುವುದೇ ಹೆಚ್ಚು. ಹಾಗೆಯೇ ಓಡಿಸಿದರೆ ನಿಂತ ಎಂಜಿನಿನ ಸಿಲಿಂಡರಿನಲ್ಲಿ ನೀರು ಕೂಡಿಕೊಂಡು, ಮರುದಿನ ಚಾಲೂ ಮಾಡಿದೊಡನೆ ಪಿಸ್ಟನ್ನು ಅದಕ್ಕೆ ಡಿಕ್ಕಿ ಹೊಡೆಯಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನಿನ ಸರಳು ಬಾಗುತ್ತದೆ.

ಇನ್ನು ಬದಲಿಸುವ ಕೆಲಸ. ಹಾಳೆ ಬದಲಿಸುವುದು ಇದರಲ್ಲಿ ಅತಿ ಸಣ್ಣ ಭಾಗ. ಮನ್ನಾಏಖೇಳ್ಳಿಯ ಮಿಸ್ತ್ರಿ ಎಂಜಿನು ಪೂರ್ಣ ಆರುವವರೆಗೆ, ಅಂದರೆ ಮರುದಿನ ಬೆಳಗಿನವರೆಗೆ, ಬೋಲ್ಟು ಮುಟ್ಟಲಿಲ್ಲ. ಬಿಸಿಯಲ್ಲಿ ಬಿಚ್ಚಿದರೆ ಹೆಡ್ಡು ಮತ್ತಷ್ಟು ಬಾಗುತ್ತದೆ. ಬಿಚ್ಚುವಾಗ ಅಂಚಿನಿಂದ ನಡುವಿಗೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಿದ. ತೆಗೆದ ಹೆಡ್ಡಿನ ಮೇಲೆ ಉದ್ದಕ್ಕೂ ಕರ್ಣಕ್ಕೂ ಉಕ್ಕಿನ ನೇರಪಟ್ಟಿಯನ್ನಿಟ್ಟು, ಕೆಳಗೆ ಫೀಲರ್ ಗೇಜಿನ ತೆಳು ಎಸಳುಗಳನ್ನು ತೂರಿಸಿ ನೋಡಿದ. ಸಾಮಾನ್ಯವಾಗಿ ಒಪ್ಪುವ ಬಾಗು ೦.೦೫ರಿಂದ ೦.೧ ಮಿಲಿಮೀಟರಿನವರೆಗೆ, ತಲೆಗೂದಲಿನ ದಪ್ಪವೂ ಇಷ್ಟೇ. ಇಲ್ಲಿ ನಡುವೆ ೦.೧೫ರ ಎಸಳು ಸರಾಗವಾಗಿ ಹಾಯಿತು. ಹೆಡ್ಡನ್ನು ಯಂತ್ರದಲ್ಲಿ ಸಮ ಮಾಡಿಸಲು, ಬಿರುಕಿದೆಯೇ ಎಂದು ಒತ್ತಡದಲ್ಲಿ ಪರೀಕ್ಷಿಸಲು ಬಸವಕಲ್ಯಾಣದ ಕಡೆಗೆ ಕಳುಹಿಸಬೇಕಾಯಿತು. ಚಾಲಕನು ಖರ್ಚೆಂದು ಗೊಣಗಿದ. ಆದರೆ ಬಾಗಿದ ಹೆಡ್ಡಿನ ಕೆಳಗೆ ಹೊಸ ಹಾಳೆಯನ್ನಿಡುವುದು ಕೆಲವೇ ತಿಂಗಳ ಮಾತು.

ಬ್ಲಾಕಿನ ಮೇಲ್ಮೈಯನ್ನು ತಿರುಗುವ ಉಜ್ಜುಬಿಲ್ಲೆಯಿಂದ ಹೊಳಪಿಸುವವರುಂಟು. ಅದರ ಹರಳುಪುಡಿ ಎಣ್ಣೆಯ ದಾರಿ ಹಿಡಿದು ಬೇರಿಂಗುಗಳನ್ನು ತಿನ್ನುತ್ತದೆ. ಮೇಲ್ಮೈಯಲ್ಲಿ ತಗ್ಗೂ ಬೀಳುತ್ತದೆ. ಬೋಲ್ಟಿನ ರಂಧ್ರಗಳಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬಿಗಿಯುವಾಗ ಅದಕ್ಕೆ ಹೋಗಲು ಎಡೆಯಿಲ್ಲದೆ ಬ್ಲಾಕೇ ಸೀಳಬಹುದು.

ಡೀಸೆಲ್ ಎಂಜಿನಿನ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಒಂದೋ ಎರಡೋ ಮೂರೋ ಸಣ್ಣ ಕಚ್ಚುಗಳೋ ತೂತುಗಳೋ ಇರುವುದುಂಟು. ಅದು ಅಲಂಕಾರವಲ್ಲ, ದಪ್ಪದ ಗುರುತು. ಅನೇಕ ಡೀಸೆಲ್ ಎಂಜಿನುಗಳಲ್ಲಿ ಪಿಸ್ಟನ್ನು ಬ್ಲಾಕಿನ ಮೇಲ್ಮೈಗಿಂತ ತುಸು ಮೇಲೆ ಬರುತ್ತದೆ. ಎಷ್ಟೆಂಬುದು ಎಂಜಿನಿನಿಂದ ಎಂಜಿನಿಗೆ ಕೂದಲೆಳೆಯಷ್ಟು ಬೇರೆ. ಅದಕ್ಕೆ ತಕ್ಕ ದಪ್ಪವನ್ನೇ ಹಾಕಬೇಕು. ದಪ್ಪ ಹೆಚ್ಚಾದರೆ ಗಾಳಿ ಸಾಕಷ್ಟು ಒತ್ತಿಕೊಳ್ಳದೆ ಚಾಲೂ ಆಗುವುದು ಕಷ್ಟ; ಕಡಿಮೆಯಾದರೆ ಪಿಸ್ಟನ್ನು ಹೆಡ್ಡಿಗೆ ತಾಗೀತು.

ಬಿಗಿಯುವುದು ನಡುವಿನಿಂದ ಅಂಚಿಗೆ, ಹಂತಹಂತವಾಗಿ. ಪುಸ್ತಕಕ್ಕೆ ಕಾಗದ ಅಂಟಿಸುವಾಗ ಸುಕ್ಕುಗಳನ್ನು ನಡುವಿನಿಂದ ಹೊರಕ್ಕೆ ಸವರುವೆವಲ್ಲವೆ, ಅದೇ ನ್ಯಾಯ. ಕೈಯ ಅಂದಾಜನ್ನು ಇಲ್ಲಿ ನಂಬುವಂತಿಲ್ಲ. ರೆಂಚಿಗೆ ಕೊಟ್ಟ ಬಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಬೋಲ್ಟಿನ ತಲೆಯ ಕೆಳಗೂ ಮರೆಗಳಲ್ಲಿಯೂ ಘರ್ಷಣೆಗೆ ವ್ಯಯವಾಗುತ್ತದೆ. ಬೋಲ್ಟನ್ನು ಎಳೆಯುವುದು ಉಳಿದ ಹತ್ತು ಮಾತ್ರ. ತುಕ್ಕು ಹಿಡಿದ ಬೋಲ್ಟು ರೆಂಚಿಗೆ ಬಿಗಿಯೆನಿಸಿದರೂ ಒಳಗೆ ಸಡಿಲವೇ. ಆದುದರಿಂದ ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಮಟ್ಟಕ್ಕೆ ತಂದು, ಅನಂತರ ಇಂತಿಷ್ಟು ಡಿಗ್ರಿಯೆಂದು ಕೋನ ಅಳೆದು ತಿರುಗಿಸುತ್ತಾರೆ. ಕೋನವು ಘರ್ಷಣೆಯಿಂದ ಮೋಸಹೋಗುವುದಿಲ್ಲ. ಹೀಗೆ ಮಿತಿಯವರೆಗೆ ಎಳೆದ ಬೋಲ್ಟುಗಳು ಕಾಯಂ ಆಗಿ ಉದ್ದವಾಗಿರುತ್ತವೆ. ಒಮ್ಮೆ ಬಿಚ್ಚಿದ ಮೇಲೆ ಅವಕ್ಕೆ ಎರಡನೆಯ ಬಾಳಿಲ್ಲ.

ಮೂರನೆಯ ದಿನ ಹೆಡ್ಡು ಹಿಂದಿರುಗಿತು. ಅಷ್ಟರಲ್ಲಿ ಮಿಸ್ತ್ರಿ ರೇಡಿಯೇಟರನ್ನು ಬಿಚ್ಚಿಸಿದ್ದ. ಅರ್ಧಕ್ಕರ್ಧ ನಳಿಗೆಗಳು ಹೆಕ್ಕಳದಿಂದ ಕಟ್ಟಿದ್ದುವು. ಥರ್ಮೋಸ್ಟಾಟಿನ ಗೂಡು ಬರಿದಾಗಿತ್ತು. ಅದನ್ನು ಯಾವಾಗ ಯಾರು ತೆಗೆದರೆಂಬುದು ಚಾಲಕನಿಗೂ ತಿಳಿಯದು, ಗಾಡಿಯನ್ನು ಅವನು ಕೊಂಡದ್ದೇ ಇನ್ನೊಬ್ಬರಿಂದ. ಹಳೆಯ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಾಗ ಎರಡನೆಯ ಸಿಲಿಂಡರಿನ ಬಳಿ, ನೀರಿನ ತೂತಿನ ಪಕ್ಕ, ಕಿರುಬೆರಳಿನ ಉಗುರಿನಷ್ಟಗಲದ ಕಪ್ಪು ಕಲೆಯೊಂದಿತ್ತು. ಮಿಸ್ತ್ರಿ ಅಂಚಿನ ಕಚ್ಚುಗಳನ್ನು ಹೆಬ್ಬೆರಳಿನಿಂದ ಎಣಿಸಿ, ಬಿಡಿಭಾಗಗಳ ಅಂಗಡಿಗೆ ಫೋನು ಮಾಡಿ, ಎರಡು ಕಚ್ಚಿನದು ಒಂದು, ಹೊಸ ಬೋಲ್ಟುಗಳ ಒಂದು ಜೊತೆ, ಥರ್ಮೋಸ್ಟಾಟು ಒಂದು, ರೇಡಿಯೇಟರಿನ ಮುಚ್ಚಳ ಒಂದು ಎಂದು ಬರೆಸಿದ.